ತೋಡಿನ ನೆರೆಗೆ ನಕ್ಷೆ ಮಾಡುವುದು: ಹಟ್ಟಿಯ ಕಂಬದಿಂದ ಕಂಪ್ಯೂಟರಿನವರೆಗೆ

ನಮ್ಮ ಹಟ್ಟಿಯ ಮುರಕಲ್ಲಿನ ಕಂಬದಲ್ಲಿ ಮೂರು ಗೀರುಗಳಿವೆ. ಎರಡನ್ನು ಅಜ್ಜ ಕತ್ತಿಯ ಮೊನೆಯಿಂದ ಎಳೆದದ್ದು, ಮೂರನೆಯದನ್ನು ಅಪ್ಪ 2019ರ ಆಗಸ್ಟಿನಲ್ಲಿ ಎಳೆದದ್ದು. ಎಲ್ಲಕ್ಕಿಂತ ಮೇಲಿನದು 1974ರದ್ದು, ಅತ್ತ ಬಂಟ್ವಾಳದ ಪೇಟೆಗೆ ನೇತ್ರಾವತಿ ನುಗ್ಗಿದ ವರ್ಷದ್ದು. ತೀರಾ ಕೆಳಗಿನ ಗೀರು ಯಾವ ಮಳೆಗಾಲದ್ದೆಂದು ಹೇಳಬಲ್ಲವರು ಈಗ ಮನೆಯಲ್ಲಿ ಯಾರೂ ಉಳಿದಿಲ್ಲ. ನೆರೆಯ ಅಪಾಯವನ್ನು ಲೆಕ್ಕ ಹಾಕುವ ಸಂಶೋಧನೆಯಲ್ಲಿ ಹನ್ನೊಂದು ವರ್ಷ ಕಳೆದ ಮೇಲೂ ನನ್ನ ಕೆಲಸದಲ್ಲಿ ಅತಿ ಹೆಚ್ಚು ನಂಬುವ ದತ್ತಾಂಶ ಈ ಮೂರು ಗೀರುಗಳೇ.

ಕಾಸರಗೋಡಿನ ಉತ್ತರದಲ್ಲಿ, ಶಿರಿಯ ಹೊಳೆಗೆ ಸೇರುವ ಒಂದು ತೋಡಿನ ಬದಿಯಲ್ಲಿ ನಮ್ಮ ಮನೆ. ಈ ಭಾಗದ ಪಂಚಾಯತಿನ ಸದಸ್ಯರು, ಶಾಲೆಯ ಅಧ್ಯಾಪಕರು, ಕಾಲೇಜಿನ ಮಕ್ಕಳು ಆಗಾಗ ಕೇಳುತ್ತಾರೆ: "ನಮ್ಮ ಬೈಲಿಗೂ ಒಂದು ನೆರೆ ನಕ್ಷೆ ಮಾಡಬಹುದೇ?" ಮಾಡಬಹುದು. ಒಂದು ಬೇಸಗೆ ರಜೆ, ನಾಲ್ಕೈದು ಜನ, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು. ಆದರೆ ಎಲ್ಲರೂ ಲ್ಯಾಪ್‌ಟಾಪಿನಿಂದ ಆರಂಭಿಸುತ್ತಾರೆ. ನಾನೂ ಹಾಗೆಯೇ ಆರಂಭಿಸಿದ್ದೆ. ಅದು ತಪ್ಪು ಎಂದು ತಿಳಿಸಿಕೊಟ್ಟವರು ನನ್ನ ಅಮ್ಮ.

ಸ್ನಾತಕೋತ್ತರ ಓದುವಾಗ ನಮ್ಮದೇ ಬೈಲಿನ ನಕ್ಷೆ ಮಾಡಿ ಮನೆಗೆ ತಂದಿದ್ದೆ. ಗದ್ದೆಯೆಲ್ಲ ನೀಲಿ, ನಡುವೆ ನಮ್ಮ ಅಡಿಕೆ ತೋಟ ದ್ವೀಪದಂತೆ ಒಣಗಿ ನಿಂತಿತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ತೋಟಕ್ಕೆ ನೀರು ಬರುವುದಿಲ್ಲ ಎಂದು ನಿನಗೆ ಹೇಳಿದವರು ಯಾರು ಮಗಳೇ? ಹೋದ ಆಟಿಯಲ್ಲಿ ನಾನೂ ನಿನ್ನ ಅಪ್ಪನೂ ಸೊಂಟದವರೆಗಿನ ನೀರಿನಲ್ಲಿ ನಿಂತು ತೇಲುತ್ತಿದ್ದ ಅಡಿಕೆ ಹೆಕ್ಕಿದ್ದೇವೆ."

ಹೇಳಿದ್ದು ಉಪಗ್ರಹದ ಎತ್ತರದ ನಕ್ಷೆ. ನಾನು ಬಳಸಿದ್ದು 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ ರಾಡಾರ್ ಬೀಸಿ ಅಳೆದ ದತ್ತಾಂಶ. ಎಲ್ಲರೂ ಬಳಸುವಂಥದ್ದು, ಉಚಿತವಾಗಿ ಸಿಗುವಂಥದ್ದು. ಆ ರಾಡಾರಿನ ಅಲೆ ಒತ್ತಾಗಿ ಬೆಳೆದ ಅಡಿಕೆ ತೋಟದಲ್ಲಿ ನೆಲಕ್ಕೆ ಇಳಿಯುವುದಿಲ್ಲ. ಸೋಗೆಗಳಿಗೆ ಬಡಿದು ಹಿಂದಿರುಗುತ್ತದೆ. ತೋಟದ ನೆಲ ಗದ್ದೆಯ ಮಟ್ಟಕ್ಕೇ ಇದ್ದರೂ ನಕ್ಷೆಯಲ್ಲಿ ಹಲವು ಮೀಟರ್ ಎತ್ತರದ ದಿಬ್ಬವಾಗಿ ಕಾಣುತ್ತದೆ. ಕಂಪ್ಯೂಟರ್ ಆ ದಿಬ್ಬವನ್ನು ನಂಬಿ ನೀರನ್ನು ಸುತ್ತಿಸಿ ಕಳುಹಿಸುತ್ತದೆ. ಹೊಳೆಬದಿಯಲ್ಲೆಲ್ಲ ತೋಟವೇ ಇರುವ ನಮ್ಮ ಊರಿನಲ್ಲಿ ಇದು ಸಣ್ಣ ದೋಷವಲ್ಲ. ಅತಿ ಹೆಚ್ಚು ಮುಳುಗುವ ಜಾಗವನ್ನೇ ಅತಿ ಸುರಕ್ಷಿತ ಎಂದು ತೋರಿಸುವ ದೋಷ.

ಮೊದಲು ಗುರುತುಗಳನ್ನು ಹುಡುಕಿ

ಆದ್ದರಿಂದ ಮೊದಲ ಎರಡು ವಾರ ಕಂಪ್ಯೂಟರನ್ನು ಮುಟ್ಟಬೇಡಿ. ಒಂದು ನೋಟ್ ಪುಸ್ತಕ ಹಿಡಿದು ತೋಡಿನ ಎರಡೂ ದಡದ ಮನೆಗಳಿಗೆ ಹೋಗಿ. "ನೆರೆ ಎಷ್ಟು ಬಂದಿತ್ತು?" ಎಂದು ಕೇಳಿದರೆ "ಭಯಂಕರ" ಎಂಬ ಉತ್ತರ ಸಿಗುತ್ತದೆ. ಅದರಿಂದ ಪ್ರಯೋಜನವಿಲ್ಲ. "ಆ ರಾತ್ರಿ ದನಗಳನ್ನು ಬಿಚ್ಚಿದ್ದು ಎಷ್ಟು ಗಂಟೆಗೆ? ಜಗಲಿಯ ಎಷ್ಟನೇ ಮೆಟ್ಟಿಲು ಮುಳುಗಿತ್ತು? ಒಲೆಗೆ ನೀರು ಬಂತೇ?" ಎಂದು ಕೇಳಿ. ಆಗ ಮನೆಯವರು ಎದ್ದು ಹೋಗಿ ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಆ ಕೈ ಇಟ್ಟ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಒಂದೇ ನೆರೆಗೆ ಕನಿಷ್ಠ ಹತ್ತು ಗುರುತು ಬೇಕು. ಒಂದು ಮನೆಯವರ ನೆನಪು ಪಕ್ಕದ ಮನೆಯವರ ನೆನಪಿಗೆ ಹೊಂದದಿದ್ದರೆ ಎರಡನ್ನೂ ಬರೆಯಿರಿ, ಅಲ್ಲೇ ತೀರ್ಪು ಕೊಡಬೇಡಿ.

ಹೆಂಗಸರನ್ನು ಬೇರೆಯಾಗಿ ಕೇಳಿ. ಗಂಡಸರಿಗೆ ತೋಟದ ನಷ್ಟ ನೆನಪಿರುತ್ತದೆ, ಹೆಂಗಸರಿಗೆ ಗಂಟೆ ನೆನಪಿರುತ್ತದೆ. ನೀರು ಯಾವಾಗ ಏರಿತು, ಯಾವಾಗ ಇಳಿಯಿತು ಎಂಬ ವಿವರ ನನಗೆ ಯಾವಾಗಲೂ ಅಡುಗೆಮನೆಯಲ್ಲೇ ಸಿಕ್ಕಿದೆ. ದೇವಸ್ಥಾನ, ಮಸೀದಿ, ಶಾಲೆಗಳನ್ನು ಬಿಡಬೇಡಿ. ಮಧೂರಿನಲ್ಲಿ ಮಧುವಾಹಿನಿ ಉಕ್ಕಿದಾಗ ನೀರು ದೇವಸ್ಥಾನದ ಅಂಗಳಕ್ಕೆ ಬರುವುದನ್ನು ನೀವು ಕಂಡೇ ಇರುತ್ತೀರಿ. ಅಂಥ ಹಳೆಯ ಕಲ್ಲಿನ ಮೆಟ್ಟಿಲು ನೂರು ವರ್ಷ ಕದಲದೆ ಇರುವ ಅಳತೆಗೋಲು.

ಗುರುತುಗಳ ಎತ್ತರವನ್ನು ಒಂದಕ್ಕೊಂದು ಹೋಲಿಸಲು ದುಬಾರಿ ಯಂತ್ರ ಬೇಡ. ಮನೆ ಕಟ್ಟುವ ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು. ಇಪ್ಪತ್ತು ಮೀಟರ್ ಪೈಪಿಗೆ ನೀರು ತುಂಬಿ. ಒಂದು ತುದಿಯನ್ನು ಸೇತುವೆಯ ಕಟ್ಟೆಗೆ ಹಿಡಿಯಿರಿ, ಇನ್ನೊಂದನ್ನು ಮುಂದಿನ ಕಂಬಕ್ಕೆ. ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ಗುರುತಿಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು ಮುಂದಕ್ಕೆ ಹೋಗಿ. ಪೈಪಿನೊಳಗೆ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ, ಆದ್ದರಿಂದ ಪ್ರತಿ ಸಲ ಬೆರಳಿನಿಂದ ತಟ್ಟಿ ಗುಳ್ಳೆ ಹೊರಡಿಸಿ. ಕೊನೆಗೆ ಹೊರಟ ಜಾಗಕ್ಕೇ ಅಳೆಯುತ್ತ ಹಿಂದಿರುಗಿ. ಎರಡು ಕಿಲೋಮೀಟರ್ ಸುತ್ತಿ ಬಂದಾಗ ಐದಾರು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಒಪ್ಪಬಹುದು. ಮೂವತ್ತು ಬಂದರೆ ಮರುದಿನ ಮತ್ತೆ ಅಳೆಯಬೇಕು.

ತೋಡನ್ನು ಅಳೆಯುವುದು

ಏಪ್ರಿಲ್ ಇದಕ್ಕೆ ಒಳ್ಳೆಯ ತಿಂಗಳು. ತೋಡಿನಲ್ಲಿ ನೀರು ಮೊಣಕಾಲಿನ ಕೆಳಗಿರುತ್ತದೆ. ದಡದಿಂದ ದಡಕ್ಕೆ ಬಿಗಿಯಾಗಿ ಹಗ್ಗ ಕಟ್ಟಿ, ಅರ್ಧ ಮೀಟರಿಗೊಂದು ಗಂಟು ಹಾಕಿ, ಪ್ರತಿ ಗಂಟಿನಿಂದ ತಳಕ್ಕೆ ಎಷ್ಟು ಆಳ ಎಂದು ಬಿದಿರಿನ ಕೋಲಿನಿಂದ ಅಳೆಯಿರಿ. ನೂರು, ನೂರೈವತ್ತು ಮೀಟರಿಗೊಮ್ಮೆ ಹೀಗೆ ಮಾಡಿ. ಪ್ರತಿ ಮೋರಿಯ, ಪ್ರತಿ ಕಾಲುಸಂಕದ, ಪ್ರತಿ ಕಿಂಡಿ ಅಣೆಕಟ್ಟಿನ ಅಗಲ ಎತ್ತರಗಳನ್ನು ತಪ್ಪದೆ ಬರೆಯಿರಿ. ಉಪಗ್ರಹದ ಉಚಿತ ನಕ್ಷೆಯ ಒಂದು ಚೌಕ 30 ಮೀಟರ್ ಅಗಲ. ನಮ್ಮ ತೋಡು ಆರು ಮೀಟರ್. ನೀವು ಕೋಲು ಹಿಡಿದು ಇಳಿಯದಿದ್ದರೆ ಆ ತೋಡು ಲೆಕ್ಕದಲ್ಲಿ ಇರುವುದೇ ಇಲ್ಲ.

ತೋಡಿನ ಒಳಗೆ ಏನು ಬೆಳೆದಿದೆ ಎಂದೂ ನೋಡಿ. ನೀರಿನ ಹರಿವಿಗೆ ತಳವೂ ದಡವೂ ಒಡ್ಡುವ ತಡೆಗೆ ಕಂಪ್ಯೂಟರಿನ ಲೆಕ್ಕದ ಮಾದರಿಗಳಲ್ಲಿ ಒಂದು ಸಂಖ್ಯೆ ಕೊಡಬೇಕು. ಚೊಕ್ಕಟವಾದ ತೋಡಿಗೆ 0.03ರ ಆಸುಪಾಸು, ಪೊದೆ ಬೆಳೆದು ಮುಚ್ಚಿದ್ದಕ್ಕೆ 0.1ರವರೆಗೂ ಹೋಗುತ್ತದೆ. ಸಂಖ್ಯೆ ಮೂರು ಪಟ್ಟಾದರೆ ಅದೇ ಮಟ್ಟದಲ್ಲಿ ತೋಡು ಸಾಗಿಸುವ ನೀರು ಮೂರರಲ್ಲಿ ಒಂದು ಪಾಲಾಗುತ್ತದೆ. ಹಾಗೆಂದು ಜೆಸಿಬಿ ತರಿಸಿ ದಡದ ಮುಂಡುಗವನ್ನೆಲ್ಲ ಕಿತ್ತುಹಾಕುವುದನ್ನು ನಾನು ಒಪ್ಪುವುದಿಲ್ಲ. ಮುಂಡುಗದ ಬೇರು ಹೋದ ದಡ ಎರಡನೇ ಮಳೆಗಾಲಕ್ಕೆ ಕುಸಿದು ತೋಡಿನೊಳಗೇ ಬೀಳುತ್ತದೆ. ತಳದಲ್ಲಿ ಬೆಳೆದದ್ದನ್ನು ತೆಗೆಯಿರಿ, ದಡದ್ದನ್ನು ಬಿಡಿ.

ಮಳೆಯ ಲೆಕ್ಕ

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿವೆ. ಉದ್ದದ್ದು ಚಂದ್ರಗಿರಿ, ಸುಮಾರು 105 ಕಿ.ಮೀ. ಮಂಜೇಶ್ವರ ಹೊಳೆ ಬರೀ 16 ಕಿ.ಮೀ., ಕೇರಳದಲ್ಲೇ ಅತಿ ಚಿಕ್ಕದು. ಇಂಥ ಹೊಳೆಗಳಲ್ಲಿ ನೆರೆ ದಿನಗಳ ಲೆಕ್ಕದಲ್ಲಿ ಬರುವುದಿಲ್ಲ, ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. ನಮ್ಮ ತೋಡನ್ನೇ ತೆಗೆದುಕೊಳ್ಳಿ. ಪದವಿನ, ಅಂದರೆ ಮೇಲಿನ ಮುರಕಲ್ಲಿನ ಬಯಲಿನ, ತಲೆಯಿಂದ ಸೇತುವೆಯವರೆಗೆ 8 ಕಿ.ಮೀ. ಉದ್ದ, 120 ಮೀಟರ್ ಇಳಿಜಾರು. ಉದ್ದ ಮತ್ತು ಇಳಿಜಾರಿನಿಂದ ನೀರು ಕೆಳಗೆ ತಲುಪುವ ಹೊತ್ತನ್ನು ಅಂದಾಜಿಸುವ ಕಿರ್ಪಿಚ್ ಸೂತ್ರದಲ್ಲಿ ಹಾಕಿದರೆ ಸುಮಾರು 100 ನಿಮಿಷ ಬರುತ್ತದೆ. ಅಂದರೆ ಮೇಲೆ ಪದವಿನಲ್ಲಿ ಜಡಿಮಳೆ ಹಿಡಿದ ಮೇಲೆ ಕೆಳಗಿನವರಿಗೆ ಇರುವುದು ಒಂದು ಗಂಟೆ ನಲವತ್ತು ನಿಮಿಷ.

ಹವಾಮಾನ ಇಲಾಖೆ ಒಂದು ದಿನದಲ್ಲಿ 204.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗಿನ ಮೊತ್ತ ಅದು. ನೇತ್ರಾವತಿಯಂಥ ದೊಡ್ಡ ನದಿಗೆ ಈ ಮೊತ್ತ ಉಪಯುಕ್ತ. ನಮ್ಮ ತೋಡಿಗೆ ಅಲ್ಲ. ಇನ್ನೂರು ಮಿ.ಮೀ. ಇಡೀ ದಿನ ಹನಿಹನಿಯಾಗಿ ಸುರಿದರೆ ಗದ್ದೆಯ ಹುಣಿಯೂ ಮುಳುಗದು. ಅದರ ಮೂರನೇ ಒಂದು ಪಾಲು ನಡುರಾತ್ರಿಯ ನೂರು ನಿಮಿಷದಲ್ಲಿ ಬಿದ್ದರೆ ಹಟ್ಟಿಗೆ ನೀರು ನುಗ್ಗುತ್ತದೆ.

ಆದ್ದರಿಂದ ಗಂಟೆಗಂಟೆಯ ಮಳೆ ಬೇಕು. ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ದಾಖಲೆ ಹಿನ್ನೆಲೆಗೆ ಒಳ್ಳೆಯದು, ಆದರೆ ಕಡಲಬದಿಯ ಮಳೆ ಬೇರೆ, ಗುಡ್ಡದ ಮಳೆ ಬೇರೆ. ಗಡಿಯಾಚೆಯ ದಾಖಲೆಯನ್ನು ಮರೆಯಬೇಡಿ. ಚಂದ್ರಗಿರಿಯ ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ನಮ್ಮಲ್ಲಿಗೆ ಬರುತ್ತದೆ. ಮಳೆ ಬೀಳುವುದು ಒಂದು ರಾಜ್ಯದಲ್ಲಿ, ನೆರೆ ಏರುವುದು ಇನ್ನೊಂದರಲ್ಲಿ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಮುಳ್ಳೇರಿಯ, ಬೋವಿಕ್ಕಾನದ ಕಡೆಯವರು ಸುಳ್ಯದ ಮಳೆಯನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ನೆರೆ ಏರುವ ಮೊದಲೇ ಸುದ್ದಿ ಸಿಗುತ್ತದೆ. ಇವುಗಳ ಜೊತೆಗೆ ನಿಮ್ಮ ತೋಡಿನ ತಲೆಯಲ್ಲಿ ಒಬ್ಬರು, ನಡುವೆ ಒಬ್ಬರು ಮಳೆಮಾಪಕ ಇಟ್ಟು ಜೋರು ಮಳೆಯ ದಿನ ಗಂಟೆಗೊಮ್ಮೆ ಓದಬೇಕು. ನಮ್ಮ ಕಡೆಯ ಅಡಿಕೆ ಕೃಷಿಕರಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವರು ಅಲ್ಲಲ್ಲಿ ಇದ್ದಾರೆ. ಅವರ ಬಾಗಿಲನ್ನು ಮೊದಲು ತಟ್ಟಿ.

ಕಾಗದದ ಮೇಲಿನ ಒಂದು ಲೆಕ್ಕ

ಕಂಪ್ಯೂಟರ್ ತೆರೆಯುವ ಮೊದಲು ಇದನ್ನು ಕೈಯಲ್ಲಿ ಮಾಡಿ. ನಮ್ಮ ತೋಡಿಗೆ ನೀರು ಕೊಡುವ ಜಾಗ 12 ಚದರ ಕಿ.ಮೀ. ಗಂಟೆಗೆ 40 ಮಿ.ಮೀ.ನಂತೆ ನೂರು ನಿಮಿಷ ಮಳೆ ಎಂದುಕೊಳ್ಳಿ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದುಹೋಗುತ್ತದೆ? ಜೂನಿನ ಮೊದಲ ಮಳೆಯಲ್ಲಿ ಮುರಕಲ್ಲಿನ ಪದವು ಹೆಚ್ಚಿನದನ್ನು ಕುಡಿಯುತ್ತದೆ. ಜುಲೈ ನಡುವಿನಿಂದ ಶುರುವಾಗುವ ಆಟಿಯ ಹೊತ್ತಿಗೆ ಅದು ತುಂಬಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಗಳ ಬಾಯಿಂದಲೂ ನೀರು ಧುಮುಕುತ್ತಿರುತ್ತದೆ. ಆಗ ನಾನು ಹಿಡಿಯುವುದು 0.6. ಈಗ ಗುಣಿಸಿ: 0.278 × 0.6 × 40 × 12. ಮೊದಲಿನ 0.278 ಎಂಬುದು ಗಂಟೆಯ ಮಿ.ಮೀ. ಮತ್ತು ಚದರ ಕಿ.ಮೀ.ಗಳನ್ನು ಸೆಕೆಂಡಿನ ಘನ ಮೀಟರಿಗೆ ತರುವ ಸಂಖ್ಯೆ. ಉತ್ತರ 80. ಸೆಕೆಂಡಿಗೆ 80 ಘನ ಮೀಟರ್, ಅಂದರೆ 80 ಸಾವಿರ ಲೀಟರ್.

ನಮ್ಮ ರಸ್ತೆಯ ಸೇತುವೆಯ ಬಾಯಿ 8 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. 20 ಚದರ ಮೀಟರ್. ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೆ ದಾಟುವುದು 40 ಘನ ಮೀಟರ್. ಉಳಿದ 40 ಎಲ್ಲಿಗೆ ಹೋಗುತ್ತದೆ? ಬೈಲಿಗೆ. ಈ ಒಂದು ಲೆಕ್ಕವನ್ನು ಪಂಚಾಯತಿನ ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ ಆದಷ್ಟು ಚರ್ಚೆ ನನ್ನ ಬಣ್ಣದ ನಕ್ಷೆಗಳಿಂದ ಎಂದೂ ಆಗಿಲ್ಲ.

ಈಗ ಕಂಪ್ಯೂಟರ್

ನಕ್ಷೆಗೆ ಕ್ಯೂಜಿಐಎಸ್, ನೀರಿನ ಲೆಕ್ಕಕ್ಕೆ ಅಮೆರಿಕದ ಸೇನೆಯ ಎಂಜಿನಿಯರಿಂಗ್ ವಿಭಾಗ ರೂಪಿಸಿದ ಹೆಕ್-ರಾಸ್. ಎರಡೂ ಉಚಿತ. ಎತ್ತರಕ್ಕೆ ಹಳೆಯ ರಾಡಾರ್ ದತ್ತಾಂಶದ ಬದಲು ಫ್ಯಾಬ್‌ಡೆಮ್ ಬಳಸಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಕೋಪರ್ನಿಕಸ್ ಎತ್ತರದ ನಕ್ಷೆಯಿಂದ ಮರಗಳ ಮತ್ತು ಕಟ್ಟಡಗಳ ಎತ್ತರವನ್ನು ಕಳೆದು 2022ರಲ್ಲಿ ಹೊರತಂದದ್ದು. ಅದರ ಮೇಲೆ ನೀವು ಪೈಪಿನಿಂದ ಅಳೆದ ನೆಲದ ಮಟ್ಟ, ಹಗ್ಗದಿಂದ ಅಳೆದ ತೋಡಿನ ಆಕಾರಗಳನ್ನು ಸೇರಿಸಿ. ಗುಂಡಿಗಳನ್ನು ಒತ್ತುವ ಕ್ರಮವನ್ನು ನಾನಿಲ್ಲಿ ಬರೆಯುವುದಿಲ್ಲ, ಅದನ್ನು ಕಲಿಸುವ ವಿಡಿಯೊಗಳು ಬೇಕಾದಷ್ಟಿವೆ.

ಕೆಳತುದಿಯಲ್ಲಿ ಎಚ್ಚರ ಬೇಕು. ನಿಮ್ಮ ತೋಡು ಅಳಿವೆಗೆ ಹತ್ತಿರವಿದ್ದರೆ ಕಡಲಿನ ಉಬ್ಬರವನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರದ ಹೊತ್ತಿಗೇ ನೆರೆಯ ತಲೆ ಕೆಳಗೆ ತಲುಪಿದರೆ ಹೊಳೆಗೆ ಹೋಗಲು ದಾರಿ ಇಲ್ಲ, ಹಿಂದಕ್ಕೆ ಒತ್ತುತ್ತದೆ. ಅಳಿವೆಯಲ್ಲಿ ಮರಳು ಕಟ್ಟಿದೆಯೇ ಎಂದು ಮೀನುಗಾರರನ್ನು ಕೇಳಿ. ಆ ಮರಳಿನ ದಿಣ್ಣೆ ವರ್ಷಕ್ಕೊಂದು ಕಡೆ ಇರುತ್ತದೆ, ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಮಾದರಿ ಓಡಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. 2019ರ ಮಳೆಯನ್ನು ಹಾಕಿ, ಬಂದ ನೀರಿನ ಮಟ್ಟವನ್ನು ಗೋಡೆಯ ಗುರುತುಗಳ ಜೊತೆ ಒಂದೊಂದಾಗಿ ಹೋಲಿಸಿ. ಉಪಗ್ರಹದ ಚಿತ್ರದಲ್ಲಿ ಸರಿನೋಡಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮೋಡದ ಮೂಲಕ ನೋಡಬಲ್ಲ ರಾಡಾರ್ ಉಪಗ್ರಹ ಒಂದೇ ಜಾಗಕ್ಕೆ ಹಿಂದಿರುಗಲು ಹಲವು ದಿನ ಬೇಕು. ನಮ್ಮ ನೆರೆ ಅರ್ಧ ರಾತ್ರಿಯಲ್ಲಿ ಬಂದು ಹೋಗಿರುತ್ತದೆ.

ನನ್ನ ಹದಿನಾಲ್ಕು ಗುರುತುಗಳಲ್ಲಿ ಹದಿಮೂರು ಮೂವತ್ತು ಸೆಂಟಿಮೀಟರಿನೊಳಗೆ ಹೊಂದಿದವು. ಒಂದು ಮಾತ್ರ ಹೊಂದಲಿಲ್ಲ. ಆ ಮನೆಯ ಗೋಡೆಯಲ್ಲಿ ನೀರು ನನ್ನ ಲೆಕ್ಕಕ್ಕಿಂತ 80 ಸೆಂಟಿಮೀಟರ್ ಮೇಲೆ ನಿಂತಿತ್ತು. ತೋಡಿನ ತಡೆಯ ಸಂಖ್ಯೆಯನ್ನು ಏರಿಸುತ್ತ ಹೋದೆ. 0.2ರವರೆಗೆ ಏರಿಸಿದರೂ ಸಾಲಲಿಲ್ಲ, ಉಳಿದ ಗುರುತುಗಳೂ ಕೆಟ್ಟವು. ಒಂದು ಗುರುತಿಗಾಗಿ ಸಂಖ್ಯೆಯನ್ನು ಹೀಗೆ ಹಿಂಡಬೇಕಾಗಿ ಬಂದರೆ ನಿಲ್ಲಿಸಿ, ಆ ಜಾಗಕ್ಕೆ ಹೋಗಿ. ನಾನು ಹೋದೆ. ಮನೆಯ ಅಜ್ಜ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು.

"ಅಜ್ಜ, ನಿಮ್ಮ ಗೋಡೆಯ ಗೆರೆ ನನ್ನ ಲೆಕ್ಕಕ್ಕೆ ಸಿಗುವುದಿಲ್ಲ."

"ಹೇಗೆ ಸಿಗುತ್ತದೆ ಮಗಳೇ? ಆ ವರ್ಷ ಅಣೆಕಟ್ಟಿನ ಹಲಗೆ ತೆಗೆದವರು ಯಾರು?"

ಮನೆಯಿಂದ ಇನ್ನೂರು ಮೀಟರ್ ಕೆಳಗೆ ಕಿಂಡಿ ಅಣೆಕಟ್ಟು. ಬೇಸಗೆಗೆ ನೀರು ನಿಲ್ಲಿಸಲು ಹಾಕಿದ ಹಲಗೆಗಳು ಐದು ಕಿಂಡಿಗಳಲ್ಲಿ ಮೂರರಲ್ಲಿ ಹಾಗೆಯೇ ಉಳಿದಿದ್ದವು. ಮೇಲಿಂದ ಬಂದ ತೆಂಗಿನ ಸಿಪ್ಪೆ, ಅಡಿಕೆ ಸೋಗೆ, ಒಂದು ಇಡೀ ಹಲಸಿನ ಕೊಂಬೆ ಅದಕ್ಕೆ ಸಿಕ್ಕಿಕೊಂಡು ಗೋಡೆಯಾಗಿತ್ತು. ಮಾದರಿಯಲ್ಲಿ ಮೂರು ಕಿಂಡಿ ಮುಚ್ಚಿ ಮತ್ತೆ ಓಡಿಸಿದೆ. ಗೆರೆ ಹತ್ತು ಸೆಂಟಿಮೀಟರಿನೊಳಗೆ ಬಂತು. ಮಣ್ಣು, ಕಲ್ಲು, ಸೋಗೆಗಳಿಂದ ವರ್ಷವರ್ಷ ಕಟ್ಟ ಕಟ್ಟುವ ಹಳೆಯ ಕ್ರಮ ಏತಡ್ಕದಂಥ ಕಡೆ ಇದ್ದದ್ದನ್ನು ಕೃಷಿಕರು ಬಲ್ಲರು. ಆ ಕಟ್ಟಕ್ಕೆ ಒಂದು ಗುಣವಿತ್ತು: ಮೊದಲ ದೊಡ್ಡ ಮಳೆಗೆ ಅದು ತಾನಾಗಿ ಹರಿದುಹೋಗುತ್ತಿತ್ತು. ಕಾಂಕ್ರೀಟಿನ ಕಂಬಗಳ ನಡುವಿನ ಹಲಗೆ ಹೋಗುವುದಿಲ್ಲ, ಯಾರಾದರೂ ತೆಗೆಯಬೇಕು. ನಿಮ್ಮ ನಕ್ಷೆಯಲ್ಲಿ ಪ್ರತಿ ಅಣೆಕಟ್ಟಿಗೂ ಎರಡು ಲೆಕ್ಕ ಮಾಡಿ, ಹಲಗೆ ಇದ್ದಾಗ ಮತ್ತು ಇಲ್ಲದಾಗ. ಆ ವ್ಯತ್ಯಾಸವನ್ನು ತೋರಿಸಿದ ಮೇಲೆ ನಮ್ಮ ಬೈಲಿನಲ್ಲಿ ಮೇ ತಿಂಗಳ ಕೊನೆಯ ಭಾನುವಾರ ಹಲಗೆ ತೆಗೆಯುವ ದಿನವಾಗಿದೆ.

ಗದ್ದೆಗಳ ಪಾಲನ್ನೂ ಲೆಕ್ಕ ಹಾಕಿ. ಒಂದು ಹೆಕ್ಟೇರ್ ಗದ್ದೆ 30 ಸೆಂಟಿಮೀಟರ್ ನೀರು ಹಿಡಿದರೆ 30 ಲಕ್ಷ ಲೀಟರ್. ನಮ್ಮ ಬೈಲಿನಲ್ಲಿ 15 ಹೆಕ್ಟೇರ್ ಗದ್ದೆಗೆ ಮಣ್ಣು ತುಂಬಿಸಿ ತೋಟ, ಮನೆ ಮಾಡಿದ್ದಾರೆ. ಭತ್ತದ ಗದ್ದೆಗಳನ್ನು ಉಳಿಸಲು ಕೇರಳದಲ್ಲಿ 2008ರಿಂದಲೇ ಕಾನೂನು ಇದೆ, ಇದರಲ್ಲಿ ಹೆಚ್ಚಿನದು ಅದಕ್ಕೂ ಮೊದಲೇ ಆದದ್ದು. ಕಳೆದುಹೋದ ಜಾಗ 45,000 ಘನ ಮೀಟರ್ ನೀರು ಹಿಡಿಯುತ್ತಿತ್ತು. ಸೆಕೆಂಡಿಗೆ 40 ಘನ ಮೀಟರಿನಂತೆ ಉಕ್ಕುವ ನೀರಿಗೆ ಅದು ಸುಮಾರು 19 ನಿಮಿಷ. ಗದ್ದೆ ಉಳಿದಿದ್ದರೆ ನೆರೆಯೇ ಬರುತ್ತಿರಲಿಲ್ಲ ಎಂದು ನಾನು ಹೇಳಲಾರೆ, ಲೆಕ್ಕ ಹಾಗೆ ಹೇಳುವುದಿಲ್ಲ. ಆದರೆ 19 ನಿಮಿಷದಲ್ಲಿ ನಾಲ್ಕು ದನಗಳನ್ನು ಬಿಚ್ಚಿ ಗುಡ್ಡಕ್ಕೆ ಹತ್ತಿಸಬಹುದು, ಅಜ್ಜಿಯನ್ನು ಎತ್ತಿಕೊಂಡು ಹೋಗಬಹುದು.

ಜನರ ಕೈಗೆ ಕೊಡುವುದು

ನೀಲಿ ಬಣ್ಣದ ನಕ್ಷೆಯನ್ನು ಹಾಗೆಯೇ ಕೊಡಬೇಡಿ. ಅದನ್ನು ಸೇತುವೆಯ ಕಂಬಕ್ಕೆ ಇಳಿಸಿ. ನಮ್ಮ ಸೇತುವೆಯಲ್ಲಿ ಮೂರು ಪಟ್ಟಿ ಬಳಿದಿದ್ದೇವೆ. ನೀರು ಹಳದಿಗೆ ಬಂದರೆ ಕೆಳಗದ್ದೆಯ ಪಂಪುಗಳನ್ನು ಮೇಲೆ ತನ್ನಿ. ಕಿತ್ತಳೆಗೆ ಬಂದರೆ ದನ ಬಿಚ್ಚಿ. ಕೆಂಪಿಗೆ ಬಂದರೆ ತೋಡಿನ ಬದಿಯ ಹನ್ನೊಂದು ಮನೆಯವರು ಶಾಲೆಗೆ ಹೋಗಬೇಕು. ಮನೆಗಳ ಪಟ್ಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಗಡಿಯ ಗೋಡೆಗೆ ಅಂಟಿಸಿ. ಎಚ್ಚರಿಕೆಯ ಸಂದೇಶ ಮೊಬೈಲಿಗೆ ಮಲಯಾಳದಲ್ಲಿ ಬಂದಾಗ ನನ್ನ ಅಮ್ಮನಿಗೆ ಓದಲು ಬರುವುದಿಲ್ಲ. ನಮ್ಮ ಕಡೆ ಅವರ ವಯಸ್ಸಿನ ಎಷ್ಟೋ ಮಂದಿಗೆ ಬರುವುದಿಲ್ಲ. ಓದಲಾಗದ ಎಚ್ಚರಿಕೆಯಿಂದ ಯಾರ ದನವೂ ಉಳಿಯುವುದಿಲ್ಲ.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂಬ ಮಾತನ್ನು ಬಳಸಲೇಬೇಡಿ. ಬಂದು ಹೋಯಿತು, ಇನ್ನು ನಮ್ಮ ಕಾಲಕ್ಕೆ ಇಲ್ಲ ಎಂದು ಜನ ತಿಳಿಯುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಎಂದು. ಮೂವತ್ತು ವರ್ಷ ಬಾಳುವ ಮನೆಗೆ ಲೆಕ್ಕ ಹಾಕಿದರೆ ನೂರರಲ್ಲಿ 26. "ನಾಲ್ಕು ಮನೆ ಕಟ್ಟಿದರೆ ಒಂದಕ್ಕೆ" ಎಂದು ನಾನು ಹೇಳುತ್ತೇನೆ. ಅಡಿಪಾಯ ಎಷ್ಟು ಎತ್ತರಿಸಬೇಕೆಂದು ಆಮೇಲೆ ಅವರೇ ಕೇಳುತ್ತಾರೆ.

ನಕ್ಷೆ ಮುಗಿದ ಮೇಲೂ ಮುಂದಿನ ನೆರೆಯ ಮರುದಿನ ಬೆಳಿಗ್ಗೆ ಒಂದು ಕೆಲಸ ಇರುತ್ತದೆ. ಕೆಸರಿನ ಗೆರೆಯನ್ನು ಇನ್ನೊಂದು ಮಳೆ ತೊಳೆಯುವ ಮೊದಲು ಕೆಂಪು ಪೇಂಟ್, ಸಣ್ಣ ಬ್ರಷ್ ಹಿಡಿದು ಹೊರಡಿ. ಅಡಿಕೆ ಮರದ ಕಾಂಡದಲ್ಲಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಅಲ್ಲಿ ಬರೆಯಬೇಡಿ, ಮರ ಬೀಳುತ್ತದೆ. ಮುರಕಲ್ಲಿನ ಗೋಡೆ, ಬಾವಿಯ ಕಟ್ಟೆ, ಸೇತುವೆಯ ಕಂಬ ಹುಡುಕಿ. ಗೆರೆಯ ಪಕ್ಕದಲ್ಲಿ ತಾರೀಕು ಬರೆಯಿರಿ, ನೀರು ಅಲ್ಲಿಗೆ ತಲುಪಿದ ಗಂಟೆಯನ್ನೂ ಬರೆಯಿರಿ. ನಮ್ಮ ಹಟ್ಟಿಯ ಕಂಬದ ಕೆಳಗಿನ ಗೀರಿನ ಪಕ್ಕದಲ್ಲಿ ಅಜ್ಜ ಅದನ್ನು ಬರೆದಿರಲಿಲ್ಲ.